ಕೆಂಪು ಗೆರೆಯ ಆಮೆಗಳು

ಬಚ್ಚಲಿನ ನೀಲಿ ಟಬ್ಬಿನಲ್ಲಿ ನೀರು ಕೆಂಪಗಾಗಿತ್ತು. ಬಾಗಿಲು ತೆರೆದವಳೇ ವನಿತಾ ಅಲ್ಲೇ ನಿಂತಳು. ರಾತ್ರಿಯೆಲ್ಲ ಪ್ಲಾಸ್ಟಿಕ್ ಕೆರೆಯುವ ಸದ್ದು ಅವಳ ನಿದ್ದೆಯೊಳಗೆ ಬಂದು ಹೋಗಿ ಮಾಡಿತ್ತು. ಆಮೆಗಳು ಒಂದನ್ನೊಂದು ಕಚ್ಚಿಕೊಂಡು ತಾವಾಗಿಯೇ ಸತ್ತು ಹೋದವೋ ಏನೋ ಎಂದುಕೊಂಡಳು. ಹಾಗೆಂದುಕೊಳ್ಳುವಾಗ ಮನಸ್ಸಿಗೆ ಸಮಾಧಾನವೇ ಆಯಿತು, ಮರುಕ್ಷಣ ಆ ಸಮಾಧಾನಕ್ಕೆ ನಾಚಿಕೆಯಾಯಿತು. ಬಗ್ಗಿ ನೋಡಿದರೆ ಮೂರು ಆಮೆಗಳೂ ಗಟ್ಟಿಮುಟ್ಟಾಗಿದ್ದವು. ದೊಡ್ಡದು ಕತ್ತು ಚಾಚಿ ಅವಳನ್ನೇ ನೋಡುತ್ತಿತ್ತು. ನೀರಿಗೆ ಬಿಟ್ಟಿದ್ದು ಕುಂಕುಮದ ಬಣ್ಣ. ನಿನ್ನೆ ಸಂಜೆ ಬಕೆಟ್ಟನ್ನು ಇವಳಿಗೆ ಒಪ್ಪಿಸುವ ಮುಂಚೆ, ಕೆರೆ ನೋಡಿಕೊಳ್ಳುವ ಬಳಗದ ಸರಸ್ವತಿ ಆಂಟಿ ಪರ್ಸಿನಿಂದ ಪುಟ್ಟ ಭರಣಿ ತೆಗೆದು ಒಂದೊಂದರ ಬೆನ್ನಿಗೂ ಅರಿಶಿನ ಕುಂಕುಮ ಇಟ್ಟು, ಕಣ್ಣು ಮುಚ್ಚಿ, "ತಪ್ಪಾಯ್ತು ತಂದೆ, ಕ್ಷಮಿಸಿಬಿಡು" ಎಂದಿದ್ದರು. ವಿಷ್ಣುವಿನ ಅವತಾರವನ್ನು ಫ್ರೀಜರಿಗೆ ಕಳಿಸುವಾಗ ಒಂದು ಮಾತು ಹೇಳಿ ಕಳಿಸಬೇಕಲ್ಲ. ಆ ಕುಂಕುಮ ರಾತ್ರಿಯೆಲ್ಲ ಕರಗಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲು ನೀರಿಗೆ ತಾಗಿ ಮೇಲ್ಛಾವಣಿಯ ಮೇಲೆ ತೆಳುವಾದ ಗುಲಾಬಿ ಬೆಳಕು ಅಲುಗಾಡುತ್ತಿತ್ತು. ಅದನ್ನು ನೋಡುತ್ತ ನಿಂತ ವನಿತಾಳಿಗೆ ಹಲ್ಲುಜ್ಜಲು ಬಂದಿದ್ದೇ ಮರೆತುಹೋಯಿತು.

ಇವನ್ನು ಸಾಯಿಸಬೇಕು ಎಂದು ಮೊದಲು ಹೇಳಿದವಳು ಅವಳೇ. ಜೆ.ಪಿ. ನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡುವ ಅವಳನ್ನು ಕೆರೆ ಬಳಗದವರು ಸೇರಿಸಿಕೊಂಡದ್ದೇ ಇಂಥದ್ದನ್ನೆಲ್ಲ ಬಿಡಿಸಿ ಹೇಳಲಿ ಎಂದು. ಹೇಳಿದ್ದಳು ಕೂಡ. ಕಣ್ಣಿನ ಹಿಂದೆ ಕೆಂಪು ಗೆರೆಯಿರುವ ಈ ಆಮೆ ಅಮೆರಿಕದ್ದು. ನಾಣ್ಯದಷ್ಟಿರುವಾಗ ಮೀನಿನಂಗಡಿಯಲ್ಲಿ ಕೊಂಡು ಗಾಜಿನ ಬೋಗುಣಿಯಲ್ಲಿಟ್ಟು ಮಕ್ಕಳಿಗೆ ಆಡಲು ಕೊಡುತ್ತಾರೆ. ಅಂಗೈ ಮೀರಿ ಬೆಳೆದು ನಾರತೊಡಗಿದಾಗ ಒಂದು ಒಳ್ಳೆಯ ದಿನ ನೋಡಿ ಕೆರೆಗೆ ಬಿಟ್ಟು, ಕೈಮುಗಿದು, ಪುಣ್ಯ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಕೆರೆಯ ನಡುವೆ ಬಿಸಿಲು ಕಾಯಲು ಇರುವುದೊಂದು ಬಂಡೆ. ಅದರ ಮೇಲೆ ಇವು ಒಂದರ ಮೇಲೊಂದು ಹತ್ತಿ ಕೂತಿರುವುದನ್ನೂ, ನಮ್ಮ ಕೆರೆಯ ಕರಿ ಆಮೆ ಅಂಚಿಗೆ ಕಾಲು ಹಾಕಿ ಜಾರಿ, ಮತ್ತೆ ಹಾಕಿ ಮತ್ತೆ ಜಾರಿ ಬೀಳುವುದನ್ನೂ ಅವಳು ಫೋನಿನಲ್ಲಿ ತೆಗೆದು ಎಲ್ಲರಿಗೂ ತೋರಿಸಿದ್ದಳು. ಅಜ್ಜಿ ಬಟ್ಟೆ ಒಗೆಯಲು ಈ ಕೆರೆಗೆ ಹೋಗುತ್ತಿದ್ದ ಕಾಲದಲ್ಲಿ ಕರಿ ಆಮೆಗಳು ಒಗೆಯುವ ಕಲ್ಲಿನವರೆಗೂ ಬರುತ್ತಿದ್ದವಂತೆ. ಈಗ ಕಣ್ಣಿಗೆ ಬೀಳುವುದು ಎಲ್ಲೋ ಒಂದು. "ಇವನ್ನ ತೆಗೀದೆ ಇದ್ರೆ ಅದು ಉಳಿಯಲ್ಲ. ಬೇರೆ ಕಡೆ ಬಿಟ್ರೆ ಅಲ್ಲೂ ಇದೇ ಕಥೆ" ಎಂದಾಗ ಬಳಗದ ಕಾರ್ಯದರ್ಶಿ ಶ್ರೀಕರ್, "ಹಾಗೆ ನೋಡಿದ್ರೆ ನಾವೆಲ್ಲ ಹೊರಗಿಂದ ಬಂದೋರೇ ಅಲ್ವಾ ಮೇಡಂ?" ಎಂದು ತಮಾಷೆ ಮಾಡಿದರು, ಎಲ್ಲರೂ ನಕ್ಕರು. ವನಿತಾ ನಗಲಿಲ್ಲ. ಲೇಔಟ್ ಏಳುವ ಮುಂಚಿನಿಂದ ಕೆರೆಯಂಚಿನ ಹಳೇ ಊರಿನಲ್ಲೇ ಇದ್ದ ಮನೆಯವಳು ಅವಳೊಬ್ಬಳೇ ಆ ಗುಂಪಿನಲ್ಲಿ. ಆದರೆ ಆಮೆಗೆ ಮನುಷ್ಯರ ಲೆಕ್ಕ ಹಚ್ಚುವುದು ಅವಳಿಗೆ ಯಾವತ್ತೂ ಸರಿಬಂದಿರಲಿಲ್ಲ.

ಹಿಡಿಯುವುದೇನೋ ಆಯಿತು. ಬೋನಿಟ್ಟವರು, ಫೋಟೋ ತೆಗೆದವರು, ಬಿಸ್ಕತ್ತು ಹಂಚಿದವರು ಎಲ್ಲರೂ ಇದ್ದರು. ಇಂಜೆಕ್ಷನ್ ಕೊಟ್ಟು ನೋವಿಲ್ಲದ ಹಾಗೆ ಮುಗಿಸುತ್ತೇನೆಂದಿದ್ದ ಪಶುವೈದ್ಯರು ಕೊನೇ ಗಳಿಗೆಯಲ್ಲಿ ಕೈ ಎತ್ತಿದರು. ಮೊದಲು ಫ್ರಿಜ್ಜಿನಲ್ಲಿಟ್ಟು ಆಮೇಲೆ ಫ್ರೀಜರಿಗೆ ಹಾಕಿದರೆ ನಿದ್ದೆಯಲ್ಲೇ ಹೋಗಿಬಿಡುತ್ತವೆ ಎಂದು ಯಾರೋ ಓದಿದ್ದರು. ನಿದ್ದೆ ಎನ್ನುವುದು ಹೊರಗೆ ನಿಂತು ನೋಡುವವರ ಅನುಕೂಲಕ್ಕೆ ಇಟ್ಟ ಹೆಸರಿರಬಹುದು, ಅದು ಅಷ್ಟು ಖಚಿತವಲ್ಲ ಎಂದು ವನಿತಾಳಿಗೆ ಗೊತ್ತಿತ್ತು, ಹೇಳಲಿಲ್ಲ. ಯಾರ ಫ್ರಿಜ್ಜು ಎಂಬಲ್ಲಿಗೆ ಮಾತು ಬಂದು ನಿಂತಿತು. ಕೆರೆಯ ಪಕ್ಕದ ಮಂಟಪದಲ್ಲಿ ಎಲ್ಲರೂ ಅವರವರ ಚಪ್ಪಲಿ ನೋಡಿಕೊಳ್ಳತೊಡಗಿದರು. ಆಗ ಶ್ರೀಕರ್ ಬಹಳ ಮೃದುವಾಗಿ, ಬಹಳ ಮರ್ಯಾದೆಯಿಂದ, "ನಮ್ಮಲ್ಲಿ ಎಲ್ರೂ ಪ್ಯೂರ್ ವೆಜ್ಜು ನೋಡಿ, ಮನೇಲಿ ಹಿರಿಯರು ಬೇರೆ ಇರ್ತಾರೆ. ವನಿತಾ ಮೇಡಂ, ನಿಮ್ಗೆ ಅಷ್ಟು ಕಷ್ಟ ಆಗಲ್ಲ ಅಲ್ವಾ?" ಎಂದರು. "ಆಗಲ್ಲ ಸಾರ್" ಎಂದಳು ವನಿತಾ. ಅಷ್ಟೇ ನಡೆದದ್ದು. ಯಾರೂ ಕೆಟ್ಟ ಮಾತಾಡಲಿಲ್ಲ, ಯಾರ ಮುಖದಲ್ಲೂ ಕೊಂಕಿರಲಿಲ್ಲ. ತಾನೇ ಆ ಮಾತನ್ನು ಅಷ್ಟು ಬೇಗ, ಅಷ್ಟು ಚುರುಕಾಗಿ, ಕ್ಲಾಸಿನಲ್ಲಿ ಕೈ ಎತ್ತುವ ಹುಡುಗಿಯ ಹಾಗೆ ಯಾಕೆ ಹೇಳಿದೆ ಎಂದು ರಾತ್ರಿಯಿಂದ ಅವಳು ಯೋಚಿಸುತ್ತಿದ್ದಳು.

"ಏನವ್ವ ಇದು?" ಬಾಗಿಲಲ್ಲಿ ಅಪ್ಪ. ಚಿನ್ನಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಟಬ್ಬನ್ನು ನೋಡುತ್ತ ನಿಂತಿದ್ದರು. ಅಪ್ಪ ಮಗಳು ಇಬ್ಬರೇ ಇರುವ ಮನೆ. ಭಾನುವಾರ ಅವರು ಬೇಗ ಸ್ನಾನ ಮಾಡಿ ಬುದ್ಧನ ಪಟದ ಮುಂದೆ ಕೂತು ಪಂಚಶೀಲ ಹೇಳಿಕೊಳ್ಳಬೇಕು. ಜೀವ ತೆಗೆಯುವುದಿಲ್ಲ ಎಂಬುದೇ ಮೊದಲನೆಯ ಶೀಲ. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಅವರು ಮನೆಯಲ್ಲಿ ಕೋಳಿ ಕುಯ್ಯುವುದನ್ನು ಬಿಟ್ಟಿದ್ದರು. ಅಂಗಡಿಯಿಂದ ತಂದರೆ ತಿನ್ನುತ್ತಾರೆ, ಅದರ ಬಗ್ಗೆ ಯಾರಾದರೂ ವಾದಕ್ಕಿಳಿದರೆ ಸಿಟ್ಟು ಬರುತ್ತದೆ. "ಕೆರೆಯವು ಅಪ್ಪ. ಇವತ್ತೊಂದಿನ ಇರ್ತವೆ" ಎಂದಳು ವನಿತಾ. "ಹಿಂಗ್ ಕಣ್ ಬಿಟ್ಕಂಡ್ ನೋಡ್ತಾ ಇದ್ರೆ ನಾನೆಂಗವ್ವ ಸ್ನಾನ ಮಾಡ್ಲಿ? ಹೆಣ್ಣೋ ಗಂಡೋ ಅದು?" ವನಿತಾಳಿಗೆ ನಗು ಬಂತು. ಉಗುರು ನೋಡಿ ಹೇಳಬಹುದಿತ್ತು, ಗಂಡಿನ ಮುಂಗಾಲಿನ ಉಗುರು ಉದ್ದ. ಆದರೆ ನೋಡಲು ಮನಸ್ಸಾಗಲಿಲ್ಲ. ಗಂಡೋ ಹೆಣ್ಣೋ ಗೊತ್ತಾದರೆ ಆಮೇಲೆ ಹೆಸರೊಂದೇ ಬಾಕಿ. ಟಬ್ಬಿನ ಮೇಲೆ ಹಳೇ ದಿನಪತ್ರಿಕೆ ಮುಚ್ಚಿ ಈಚೆ ಬಂದಳು. ಒಳಗಿನಿಂದ ನೀರು ಸುರಿದುಕೊಳ್ಳುವ ಸದ್ದಿನ ನಡುವೆ ಅಪ್ಪನ ದನಿ ಬಂತು: "ಏನ್ಮಾಡ್ತೀಯ ಇವನ್ನ?" ಅವಳು ಹೇಳಿದಳು. ನೀರಿನ ಸದ್ದು ನಿಂತಿತು. ಬೈಯುವ ದನಿಯಲ್ಲದ, ಬರೀ ತಿಳಿದುಕೊಳ್ಳುವ ದನಿಯಲ್ಲಿ ಚಿನ್ನಪ್ಪ ಕೇಳಿದರು: "ಅವರ ಮನೇಲಿ ಫ್ರಿಜ್ ಇಲ್ವಾ?"

ಇತ್ತು. ಶ್ರೀಕರ್ ಅವರ ಮನೆಯಲ್ಲಿದ್ದದ್ದು ಬೀರುವಿನಷ್ಟು ದೊಡ್ಡದು, ಎರಡು ಬಾಗಿಲಿನದು. ಗುಂಡಿ ಒತ್ತಿದರೆ ಲೋಟಕ್ಕೆ ಐಸು ಬೀಳುತ್ತದೆ ಎಂದು ಸಂಕ್ರಾಂತಿಗೆ ಎಳ್ಳು ಕೊಡಲು ಕರೆದಾಗ ತೋರಿಸಿದ್ದರು. ಇವರ ಮನೆಯದು ಸೊಂಟದೆತ್ತರದ್ದು. ಮೇಲೊಂದು ಸಣ್ಣ ಫ್ರೀಜರು, ಅದರ ತುಂಬ ಐಸು ಕಟ್ಟಿಕೊಂಡು ಒಂದು ಕೋಳಿ ಪೊಟ್ಟಣ ಇಟ್ಟರೆ ಬಾಗಿಲು ಮುಚ್ಚಲು ತಿಣುಕಬೇಕು. ಆ ಪೊಟ್ಟಣ ತೆಗೆದು ಹೊರಗಿಟ್ಟು, ಚಮಚದ ಹಿಡಿಯಿಂದ ಐಸು ಕೆರೆಯುತ್ತ ಕೂತವಳಿಗೆ ತನ್ನ ಕೈ ಯಾರದೋ ಕೈಯೆಂಬಂತೆ ಕಂಡಿತು. ಆ ಕೈಯನ್ನು ಅವಳು ಮುಂಚೆ ನೋಡಿದ್ದಳು. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ, ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಅಂಗಾತ ಮಲಗಿಸಿ ನಾಲ್ಕು ಕಾಲಿಗೂ ಪಿನ್ನು ಚುಚ್ಚಿದ ಕೈ. ಜೋಡಿಯಾಗಿದ್ದ ಸುರಭಿ ಮೂಗಿಗೆ ದುಪಟ್ಟಾ ಹಿಡಿದು, "ನೀನ್ ಕುಯ್ಯೆ, ನಿನ್ಗೆ ಅಭ್ಯಾಸ ಇರುತ್ತೆ. ಡಯಾಗ್ರಾಮ್ ನಾನ್ ಬರೀತೀನಿ" ಎಂದಿದ್ದಳು. ಅಭ್ಯಾಸವೇನೂ ಇರಲಿಲ್ಲ. ಆದರೂ ಕುಯ್ದಳು. ಚರ್ಮ ಬಿಡಿಸಿದ್ದು ಎಷ್ಟು ನವಿರಾಗಿ ಬಂತೆಂದರೆ ಲೆಕ್ಚರರು ಬೇರೆ ಹುಡುಗಿಯರನ್ನೆಲ್ಲ ಕರೆದು ತೋರಿಸಿದರು. ಅವತ್ತು ಎಷ್ಟು ಖುಷಿಯಾಗಿತ್ತು! ಬಸ್ಸಿನಲ್ಲಿ ಬರುವಾಗಲೂ ತನ್ನ ಬೆರಳನ್ನೇ ನೋಡಿಕೊಂಡು ಬಂದಿದ್ದಳು. ಒಳ್ಳೆಯ ಚಿತ್ರ ಬರೆದದ್ದಕ್ಕೆ ಸುರಭಿಗೆ ಜಾಸ್ತಿ ಅಂಕ ಬಂತು, ಅದು ಬೇರೆ ಮಾತು. ಅವಮಾನ ಅಲ್ಲೇ ಇತ್ತು, ಖುಷಿಯೂ ಅಲ್ಲೇ ಇತ್ತು, ಎರಡನ್ನೂ ಬಿಡಿಸಿ ಬೇರೆ ಬೇರೆ ಇಡಲು ಇವತ್ತಿಗೂ ಅವಳಿಗೆ ಬಂದಿರಲಿಲ್ಲ. ನಿನ್ನೆ "ಆಗಲ್ಲ ಸಾರ್" ಎಂದದ್ದು ಆ ಖುಷಿಯೇ ಇರಬೇಕು.

ಫೋನು ಗುಂಯ್ ಎಂದಿತು. ಕೆರೆ ಬಳಗದ ಗುಂಪಿನಲ್ಲಿ ಶ್ರೀಕರ್ ಬರೆದಿದ್ದರು: ಈ ಕಠಿಣ ಜವಾಬ್ದಾರಿಯನ್ನು ಹೊತ್ತ ವನಿತಾ ಮೇಡಂ ಅವರಿಗೆ ನಮ್ಮೆಲ್ಲರ ಕೃತಜ್ಞತೆಗಳು. ಕೆಳಗೆ ಸಾಲಾಗಿ ಜೋಡಿಸಿದ ಕೈಗಳು, ಹಸಿರು ಎಲೆಗಳು, ಒಂದು ಅಳುವ ಮುಖ. ಆಮೇಲೆ ಅವರದೇ ಕರೆ ಬಂತು. "ಆಯ್ತಾ ಮೇಡಂ?" "ಇನ್ನೂ ಇಲ್ಲ ಸಾರ್." "ಪರ್ವಾಗಿಲ್ಲ ಪರ್ವಾಗಿಲ್ಲ, ನಿಧಾನಕ್ಕೆ ಮಾಡಿ. ಆದ್ಮೇಲೆ ಒಂದು ಫೋಟೋ... ಬೇಡ ಬಿಡಿ, ಫೋಟೋ ಬೇಡ. ಸುಮ್ನೆ ಒಂದು ಮೆಸೇಜ್ ಹಾಕಿ ಸಾಕು." ಅವರ ದನಿಯಲ್ಲಿ ನಿಜವಾದ ಕನಿಕರ ಇತ್ತು, ಆಮೆಗಳ ಮೇಲೋ ಅವಳ ಮೇಲೋ ಗೊತ್ತಾಗಲಿಲ್ಲ. ಆಗಲಿ ಸಾರ್ ಎಂದು ಇಟ್ಟಳು. ಕೆರೆದ ಐಸು ನೆಲದ ಮೇಲೆ ಕರಗಿ ಅವಳ ಲಂಗದ ಅಂಚು ಒದ್ದೆಯಾಗಿತ್ತು.

ಊಟ ಮಾಡಿ ಮಂಚದ ಮೇಲೆ ಅಡ್ಡಾದಳು. ಕಣ್ಣಿಗೆ ಮಂಪರು ಹತ್ತಿದ್ದೇ ತಡ, ನೀರು ಏರತೊಡಗಿತು. ಸದ್ದಿಲ್ಲದ ನೀರು, ಬೆಳಗ್ಗೆ ಬಚ್ಚಲಿನಲ್ಲಿ ನೋಡಿದ ಬಣ್ಣದ್ದು. ಕಿಟಕಿಯ ಸರಳು ದಾಟಿ, ಕ್ಯಾಲೆಂಡರು ದಾಟಿ, ತಿರುಗುವ ಫ್ಯಾನು ದಾಟಿ ಮೇಲೆ ಹೋಯಿತು. ಜೆ.ಪಿ. ನಗರದ ಆರನೇ ಫೇಸು ಪೂರ್ತಿ ನೀರಿನ ಕೆಳಗಿತ್ತು. ರಿಂಗ್ ರೋಡಿನ ಬಸ್ಸುಗಳು ಹೊಟ್ಟೆಯಲ್ಲಿ ದೀಪ ಹೊತ್ತುಕೊಂಡು ನಿಧಾನವಾಗಿ ಈಜುತ್ತಿದ್ದವು. ಮೆಟ್ರೋ ಕಂಬಗಳ ಸುತ್ತ ಪಾಚಿ ಬೆಳೆದಿತ್ತು. ಬಹಳ ಮೇಲೆ, ಬೆಳಕಿರುವಲ್ಲಿ, ಅಜ್ಜಿ ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದಳು. ಒಂದೊಂದು ಬಡಿತಕ್ಕೂ ಆಕಾಶ ಮಡಿಚಿಕೊಂಡು ಬಿಚ್ಚಿಕೊಳ್ಳುತ್ತಿತ್ತು. ವನಿತಾ ಅಜ್ಜಿಯ ಕಾಲಿನ ಹತ್ತಿರ ಹೋಗಬೇಕೆಂದು ಕೈಕಾಲು ಬಡಿದಳು. ಅವಳ ಬೆನ್ನು ಭಾರವಾಗಿತ್ತು. ಬಂಡೆಯ ಅಂಚಿಗೆ ಕೈ ಹಾಕಿದಾಗ ಮೇಲೆ ಕೂತಿದ್ದವರು ಯಾರೂ ಜರುಗಲಿಲ್ಲ, ಅವರಲ್ಲಿ ಬಳಗದವರೂ ಇದ್ದರು, ಆಮೆಗಳೂ ಇದ್ದವು, ಎಲ್ಲರೂ ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿದ್ದರು. ಜರುಗಿ ಎಂದು ಕೇಳಲು ಬಾಯಿ ತೆರೆದರೆ ನೀರು ಒಳಗೆ ಬಂತು. ಅದರ ರುಚಿ ಸಿಹಿಯಾಗಿತ್ತು. ಅವಳಿಗೆ ಹೆದರಿಕೆಯಾಗಲಿಲ್ಲ, ಬಹಳ ದುಃಖವಾಯಿತು. ತನ್ನ ಕಣ್ಣಿನ ಹಿಂದೆಯೂ ಒಂದು ಗೆರೆಯಿದೆಯೋ ಏನೋ ಎಂದು ಮುಟ್ಟಿ ನೋಡಿಕೊಂಡಾಗ ಎಚ್ಚರವಾಯಿತು. ಕೆನ್ನೆಯ ಮೇಲೆ ದಿಂಬಿನ ಮಡಿಕೆ ಮೂಡಿತ್ತು.

ಹಜಾರದಲ್ಲಿ ಚಿನ್ನಪ್ಪ ಅವರೆಕಾಯಿ ಸುಲಿಯುತ್ತ ಕೂತಿದ್ದರು. ವನಿತಾ ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ಆಮೇಲೆ ಅವರು ತಲೆ ಎತ್ತದೆ, "ಲೇಔಟು ಹೊಸದಾಗ್ ಆದಾಗ ಹಾವು ಜಾಸ್ತಿ ಕಣವ್ವ" ಎಂದರು. "ಹಾವು ಬಂತು ಅಂದ್ರೆ ಸಾಕು, ಎಲ್ಲಾ ಮನೆಯವ್ರೂ ನನ್ನೇ ಕರೆಯೋರು. ಬಾರೋ ಚಿನ್ನಪ್ಪ, ನಿಮ್ಗೆಲ್ಲ ಗೊತ್ತಿರುತ್ತೆ ಅನ್ನೋರು. ನನಗೇನ್ ಗೊತ್ತು? ಹಾವು ಅಂದ್ರೆ ನನ್ಗೂ ಜೀವ ಹೋಗೋದು. ಆದ್ರೂ ದೊಣ್ಣೆ ತಗಂಡು ಹೋಗ್ತಿದ್ದೆ. ಕರೆದವ್ರೆ, ಇಲ್ಲ ಅನ್ನೋದು ಹೆಂಗೆ. ಒಂದ್ಸಲ ಒಂದು ಕೇರೆ ಹಾವು, ಪಾಪದ್ದು, ತುಳಸಿ ಕಟ್ಟೆ ಕೆಳಗೆ ಸುತ್ಕಂಡಿತ್ತು. ಹೊಡೆದಾಕ್ದೆ. ಮನೆ ಯಜಮಾನ್ರು ದೂರ ನಿಂತ್ಕಂಡು, ದೋಷ ನಮಗಿಲ್ಲ, ಹೊಡೆದವನಿಗೆ ಅಂದ್ರು. ಹೆಂಡ್ರಿಗೆ ಧೈರ್ಯ ಹೇಳ್ತಿದ್ರು ಅಷ್ಟೇ. ನಾನ್ ಅಲ್ಲೇ ಇದ್ದೀನಿ ಅನ್ನೋದು ಅವ್ರಿಗೆ ಮರ್ತೋಗಿತ್ತು." ವನಿತಾ ಕೇಳಿದಳು: "ಆಮೇಲೆ ಹೋಗ್ಲಿಲ್ವಾ?" "ಹೋದೆ. ಇನ್ನೂ ಬೇಕಾದಷ್ಟು ಸಲ ಹೋದೆ" ಎಂದು ಚಿನ್ನಪ್ಪ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ ಎದ್ದರು. ಇಲ್ಲ ಎನ್ನಲು ಬಾರದ ರೋಗ ಮನೆತನಕ್ಕೇ ಇದ್ದ ಹಾಗಿತ್ತು. ಅಪ್ಪ ಮಾಡಬೇಡ ಎನ್ನಲಿಲ್ಲ, ಮಾಡು ಎನ್ನಲಿಲ್ಲ. ಅಂದಿದ್ದರೆ ಜಗಳವಾಡಲಾದರೂ ಆಗುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಆಮೆಗಳನ್ನು ಬಕೆಟ್ಟಿಗೆ ಹಾಕಿ ಆಟೋ ಹತ್ತಿದ್ದಳು. ಎಲ್ಲಿಗೆ ಎಂದು ಡ್ರೈವರು ಕೇಳಿದಾಗ ಅವಳ ಬಾಯಿಂದ ಜಯನಗರ ಎಂದು ಬಂತು, ಬಂದ ಮೇಲೆ ಅದು ಸರಸ್ವತಿ ಆಂಟಿಯ ಮನೆಗೆ ಎಂದು ಅವಳಿಗೇ ಗೊತ್ತಾಯಿತು. ಶ್ರೀಕರ್ ಬಳಿ ಹೋಗಿದ್ದರೆ ಅವರು ಚೆನ್ನಾಗಿ ಮಾತಾಡುತ್ತಿದ್ದರು, ಕಾಫಿ ಕೊಡುತ್ತಿದ್ದರು, ಇನ್ನೊಂದು ಸಭೆ ಕರೆಯುತ್ತಿದ್ದರು. ಅವರು ಏನೆಂದುಕೊಂಡರೂ ಅವಳಿಗೆ ಅಷ್ಟು ತಾಗುತ್ತಿರಲಿಲ್ಲ. ತಾಗುವುದು ಸರಸ್ವತಿ ಆಂಟಿಯದು. ಬಳಗಕ್ಕೆ ಹೊಸದಾಗಿ ಬಂದಾಗ ಬೆಂಚಿನಲ್ಲಿ ಜರುಗಿ ಜಾಗ ಕೊಟ್ಟವರು, ಜ್ವರ ಬಂದಾಗ ಸಾರು ಮಾಡಿ ಕಳಿಸಿದವರು, ಮಗಳಿಲ್ಲದ ಅವರು "ನನ್ನ ಮಗಳು" ಎಂದು ನಾಲ್ಕು ಜನರೆದುರು ಹೇಳಿದವರು. ನಿನ್ನೆ ಶ್ರೀಕರ್ ಕೇಳಿದಾಗ ಪಕ್ಕದಲ್ಲೇ ಕೂತು ಕುಂಕುಮದ ಭರಣಿ ಹುಡುಕುತ್ತಿದ್ದವರೂ ಅವರೇ. "ಆಮೆನಾ ಮೇಡಂ?" ಎಂದ ಡ್ರೈವರು ಕನ್ನಡಿಯಲ್ಲಿ ನೋಡುತ್ತ. "ಸಖತ್ ಲಕ್ಕಿ ಮೇಡಂ ಇವು. ಮನೇಲಿ ಉತ್ತರ ದಿಕ್ಕಿಗೆ ಇಟ್ಕೊಳ್ಳಿ, ನೋಡಿ ಹೆಂಗಾಗುತ್ತೆ." ಹೂಂ ಎಂದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ದೊಡ್ಡ ಆಮೆ ಬಕೆಟ್ಟಿನ ಅಂಚಿನವರೆಗೂ ಕತ್ತೆತ್ತಿ ಬಸ್ಸುಗಳನ್ನು ನೋಡಿತು. ಸಂಜೆಯ ಬೆಳಕು ಅದರ ಕಣ್ಣಿನಲ್ಲಿ ತೇಲುತ್ತಿತ್ತು. ಇದು ಯಾವುದೋ ಮನೆಯ ಮಗುವಿನ ಚಿಂಟುವೋ ಬಂಟಿಯೋ ಆಗಿದ್ದಿರಬೇಕು. ಅದಕ್ಕೆ ತಾನು ಹೊರಗಿನದು ಎಂದು ಯಾರೂ ಹೇಳಿಲ್ಲ. ಹೇಳದೆಯೇ ಶಿಕ್ಷೆ ಕೊಡುತ್ತಿದ್ದೇವೆ ಎಂದು ವನಿತಾಳಿಗೆ ಅನ್ನಿಸಿತು. ಹಾಗೆಂದು ಬಿಟ್ಟುಬಿಟ್ಟರೆ ಕರಿ ಆಮೆಗೆ ಕೊಡುವ ಶಿಕ್ಷೆಗೆ ಏನು ಹೆಸರು? ಅದು ಯಾರ ಆಟೋದಲ್ಲೂ ಬರುವುದಿಲ್ಲ, ಯಾರಿಗೂ ಮುಖ ತೋರಿಸುವುದಿಲ್ಲ, ಸುಮ್ಮನೆ ಒಂದು ದಿನ ಇಲ್ಲವಾಗುತ್ತದೆ. ಸಿಗ್ನಲ್ಲು ಬಿಟ್ಟಿತು.

ಸರಸ್ವತಿಯವರದು ಮೊದಲನೇ ಮಹಡಿ. "ಅಯ್ಯೋ ಬಾಮ್ಮ, ಒಂದ್ ಫೋನ್ ಮಾಡಿದ್ರೆ ಏನಾದ್ರೂ ಮಾಡಿಡ್ತಿದ್ದೆ" ಎಂದು ಬಾಗಿಲು ತೆರೆದವರು ಬಕೆಟ್ಟು ನೋಡಿ ಸಪ್ಪಗಾದರು. "ಇನ್ನೂ ಆಗಿಲ್ವಾ?" ವನಿತಾ ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಬಕೆಟ್ಟು ಇಳಿಸಿದಳು. "ನಮ್ಮ ಫ್ರಿಜ್ಜಲ್ಲಿ ಜಾಗ ಸಾಲಲ್ಲ ಆಂಟಿ." "ಹೌದಾ? ಶ್ರೀಕರ್‌ಗೆ ಹೇಳೋಣ ಹಾಗಾದ್ರೆ, ಅವರದ್ದು ದೊಡ್ಡದು... ಅವರತ್ತೆ ಒಪ್ಪಲ್ಲ, ಮಡಿ ಜಾಸ್ತಿ." "ನಿಮ್ಮನೇಲೂ ಇದೆಯಲ್ಲ ಆಂಟಿ." ಸರಸ್ವತಿ ತಿರುಗಿ ಫ್ರಿಜ್ಜನ್ನು, ಅದೊಂದು ಅಲ್ಲಿದೆಯೆಂದು ಈಗಷ್ಟೇ ಕಂಡವರಂತೆ ನೋಡಿದರು. "ಇದರಲ್ಲಿ ಹಾಲು, ದೇವರ ಹೂವು ಎಲ್ಲಾ ಇರುತ್ತಮ್ಮ." "ನಮ್ಮದರಲ್ಲೂ ಹಾಲಿದೆ ಆಂಟಿ." ಹಾಗೆ ಹೇಳಬಾರದಿತ್ತು ಎಂದು ಕೂಡಲೇ ಅನ್ನಿಸಿತು. ಆದರೆ ಮಾತು ಹೊರಗೆ ಬಂದಿತ್ತು. ಸರಸ್ವತಿ ಸೆರಗಿನಿಂದ ಕೈ ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿದರು. "ನನ್ನ ಕೈಲಾಗಲ್ಲ ಕಣೆ. ಒಂದು ಇರುವೆನೂ ಸಾಯಿಸಿದವಳಲ್ಲ ನಾನು. ನೀನಾದ್ರೆ..." "ನಾನಾದ್ರೆ?" ಅವರು ತಲೆ ತಗ್ಗಿಸಿದರು. ಸುಳ್ಳು ಹೇಳಿ ಪಾರಾಗಬಹುದಿತ್ತು, ಹೇಳಲಿಲ್ಲ. "ನಿಮಗೆಲ್ಲ ಅಭ್ಯಾಸ ಇರುತ್ತೆ ಅಂದ್ಕೊಂಡೆ" ಎಂದರು.

"ನಾನು ಇವತ್ತಿನ ತನಕ ಒಂದು ಕೋಳಿನೂ ಕುಯ್ದಿಲ್ಲ ಆಂಟಿ" ಎಂದಳು ವನಿತಾ. "ಅಂಗಡಿಯವನು ಕುಯ್ದು ಕೊಡ್ತಾನೆ. ನಾನು ರಸ್ತೆ ಕಡೆ ತಿರುಗಿ ನಿಂತಿರ್ತೀನಿ. ನಮ್ಮಪ್ಪ ಜೀವ ತೆಗೆಯಲ್ಲ ಅಂತ ವಾರ ವಾರ ಪ್ರತಿಜ್ಞೆ ಮಾಡ್ತಾರೆ, ಅವರು ಸ್ನಾನ ಮಾಡೋ ಕಡೆ ಇವನ್ನ ಇಟ್ಟಿದ್ದೆ." "ಮತ್ತೆ ನಿನ್ನೆ ನನ್ನ ಕೈಲಾಗಲ್ಲ ಅನ್ನಬಹುದಿತ್ತಲ್ಲೆ?" "ಅನ್ನಬಹುದಿತ್ತು. ನೀವೂ ಒಂದು ಮಾತು ಅನ್ನಬಹುದಿತ್ತು. ನಾನು ಒಪ್ಪಿಕೊಂಡ್ಮೇಲಾದ್ರೂ ಅವಳೊಬ್ಬಳಿಗೇ ಯಾಕೆ ಅಂತ ನೀವು ಕೇಳ್ತೀರಿ ಅಂದ್ಕೊಂಡು ಕಾದೆ." ಸರಸ್ವತಿ ಬೆತ್ತದ ಸ್ಟೂಲಿನ ಮೇಲೆ ಕೂತುಬಿಟ್ಟರು. ಕಣ್ಣು ತುಂಬಿ ಬಂದಿತ್ತು. ಆಮೇಲೆ, ದಾರಿ ಹೊಳೆದವರ ಹಾಗೆ ಥಟ್ಟನೆ ಮುಖ ಎತ್ತಿ, "ಯಾರೂ ಸಾಯಿಸೋದು ಬೇಡ. ನಾನೇ ಸಾಕ್ತೀನಿ. ಹಿಂದಿನ ಬಾಲ್ಕನೀಲಿ ದೊಡ್ಡ ತೊಟ್ಟಿ ಇಡಿಸ್ತೀನಿ. ಕೆರೆಗೂ ಹೋಗಲ್ಲ, ಯಾರಿಗೂ ತೊಂದರೆ ಇಲ್ಲ" ಎಂದರು. ವನಿತಾಳಿಗೂ ಒಂದು ಗಳಿಗೆ ಆಸೆಯಾಯಿತು. "ಇವು ಮೂವತ್ತು ನಲವತ್ತು ವರ್ಷ ಬದುಕ್ತವೆ ಆಂಟಿ." "ನಾನಿರೋವರೆಗೂ ನೋಡ್ಕೋತೀನಮ್ಮ. ಆಮೇಲೆ ನೀನಿದೀಯಲ್ಲ." ಹೇಳಿದ್ದು ಇಬ್ಬರಿಗೂ ಕೇಳಿಸಿತು. ವನಿತಾ ನಕ್ಕಳು. ತಡೆಯಲಾರದೆ ಜೋರಾಗಿ ನಕ್ಕಳು, ನಗುತ್ತಿದ್ದ ಹಾಗೇ ಅಳು ಬಂತು. ಸರಸ್ವತಿಯ ಮುಖದ ಮೇಲೆ ಮೊದಲು ಗಾಬರಿ, ಆಮೇಲೆ ನಿಧಾನವಾಗಿ ಇನ್ನೇನೋ ಬಂದಿತು. 'ನೀನಿದೀಯಲ್ಲ' ಎಂದು ಅವರು ತಮ್ಮಷ್ಟಕ್ಕೇ ಒಮ್ಮೆ ಹೇಳಿಕೊಂಡರು. ಬೇರೆ ಯಾರೋ ಆಡಿದ ಮಾತಿನ ಹಾಗೆ ಅದು ಅವರ ಬಾಯಲ್ಲಿ ನಿಂತಿತು.

ಅವರು ಎದ್ದರು. ಫ್ರಿಜ್ಜು ತೆರೆದು ಬಾಳೆಲೆಯಲ್ಲಿ ಸುತ್ತಿದ ಹೂವನ್ನು ತೆಗೆದು ದೇವರ ಮನೆಯಲ್ಲಿಟ್ಟು ಬಂದರು. ಹಾಲಿನ ಪಾತ್ರೆ, ಹೆಪ್ಪು ಹಾಕಿದ ಮೊಸರು, ದೋಸೆ ಹಿಟ್ಟು ಒಂದೊಂದಾಗಿ ಕಟ್ಟೆಯ ಮೇಲೆ ಬಂದವು. ಕೆಳಗಿನ ತರಕಾರಿ ಖಾನೆ ಎಳೆದು ಅದರಲ್ಲಿದ್ದ ಬೀನ್ಸು, ಕ್ಯಾರೆಟ್ಟು, ಕೊತ್ತಂಬರಿಯನ್ನೆಲ್ಲ ಮೊರಕ್ಕೆ ಸುರಿದರು. "ಇದು ಸಾಕಾ?" ಸಾಕು ಎಂದಳು ವನಿತಾ. ಹಳೇ ಟವೆಲ್ಲು ಒದ್ದೆ ಮಾಡಿ ಹಾಸಿದಳು, ಆಮೆಗಳನ್ನು ಒಂದೊಂದಾಗಿ ಎತ್ತಿ ಇಟ್ಟಳು. ಅವು ಕತ್ತು ಒಳಗೆಳೆದುಕೊಂಡವು. ಖಾನೆಯನ್ನು ಸರಸ್ವತಿಯೇ ಒಳಗೆ ತಳ್ಳಿ ಬಾಗಿಲು ಹಾಕಿದರು. ಒಳಗಿನ ದೀಪ ಆರಿತು. "ಎಷ್ಟು ಹೊತ್ತು?" "ನಾಳೆ ಬೆಳಗ್ಗೆವರೆಗೂ ಇಲ್ಲಿ. ಆಮೇಲೆ ಮೇಲಿನ ಫ್ರೀಜರಿಗೆ ಇಡಬೇಕು." ಸರಸ್ವತಿ ತಲೆಯಾಡಿಸಿದರು. ವನಿತಾ ಖಾಲಿ ಬಕೆಟ್ಟು ತೆಗೆದುಕೊಂಡು, ಬರ್ತೀನಿ ಆಂಟಿ ಎಂದು ಮೆಟ್ಟಿಲಿಳಿದಳು.

ಕೆಳಗೆ ಸಂಜೆ ಇನ್ನೂ ಉಳಿದಿತ್ತು. ರಸ್ತೆಯುದ್ದಕ್ಕೂ ಮರಗಳ ಕೆಳಗೆ ಹಳದಿ ಹೂವು ಬಿದ್ದಿತ್ತು, ಯಾರ ಮನೆಯಲ್ಲೋ ವೀಣೆಯ ಪಾಠ ನಡೆಯುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು. ವನಿತಾಳ ಮೈ ಹಗುರವಾಗಿತ್ತು. ಎಷ್ಟು ಹಗುರವೆಂದರೆ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಗೆದ್ದೆ ಎಂದೂ ಒಂದು ಸಲ ಅನ್ನಿಸಿತು. ಮನೆಗೆ ಹೋಗಿ ಬಚ್ಚಲು ತೊಳೆದು, ಅಪ್ಪನಿಗೆ ಮುಖ ಕೊಟ್ಟು ಮಾತಾಡಬಹುದು. ಕೋಳಿ ಸಾರು ಮಾಡಬಹುದು. ಬೆಳಗ್ಗೆ ಸ್ಕೂಲಿಗೆ ಹೋಗಿ ಕರಿ ಹಲಗೆಯ ಮೇಲೆ ಕೆರೆಯ ಚಿತ್ರ ಬರೆಯಬಹುದು. ಆಟೋ ಒಂದು ನಿಧಾನ ಮಾಡಿ ನೋಡಿತು. ಅವಳು ಕೈ ಎತ್ತಿದಳು, ಆಟೋ ನಿಂತಿತು. "ಎಲ್ಲಿಗೆ ಮೇಡಂ?" ಅಷ್ಟರಲ್ಲಿ ಈ ಹಗುರ ತನಗೆ ಹೇಗೆ ಬಂತು ಎಂದು ಅವಳಿಗೆ ತಿಳಿದುಹೋಗಿತ್ತು. ಆಮೆಗಳು ಇನ್ನೂ ಬದುಕಿದ್ದವು. ಸಾಯಿಸಬೇಕೆಂಬ ಮಾತು ಇನ್ನೂ ತನ್ನದೇ ಆಗಿತ್ತು. ಮೇಲೆ ಒಬ್ಬ ಮುದುಕಿ ಬೆಳಗ್ಗೆ ಎದ್ದು ಅದನ್ನು ಮುಗಿಸಲಿ ಎಂದು ಬಿಟ್ಟು ಬಂದಿದ್ದಳು. ನಿನ್ನೆ ಮಂಟಪದಿಂದ ಮನೆಗೆ ಹೊರಟ ಎಲ್ಲರ ಮೈಯೂ ಹೀಗೇ ಹಗುರವಾಗಿತ್ತು, ಅನುಮಾನವೇ ಇಲ್ಲ. ಅವರ ಮೇಲೆ ಇಡೀ ದಿನ ಕುದಿದವಳಿಗೆ ಅವರಾಗಲು ಹದಿನೈದು ಮೆಟ್ಟಿಲು ಸಾಕಾಯಿತು. "ಬೇಡ ಅಣ್ಣ, ಹೋಗಿ" ಎಂದಳು. ಆಟೋದವನು ಗೊಣಗಿಕೊಂಡು ಹೋದ.

ಮತ್ತೆ ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ತೆರೆದೇ ಇತ್ತು. ಫ್ರಿಜ್ಜಿನ ಬಾಗಿಲೂ ತೆರೆದಿತ್ತು. ತಣ್ಣನೆಯ ಬೆಳಕು ಅಡುಗೆಮನೆಯ ನೆಲದ ಮೇಲೆ ಬಿದ್ದಿತ್ತು. ಸರಸ್ವತಿ ತರಕಾರಿ ಖಾನೆಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಅವಳನ್ನು ನೋಡಿ ಅವರಿಗೆ ನಾಚಿಕೆಯಾಗಲಿಲ್ಲ. "ನೀನು ಹೋಗ್ತಿದ್ದ ಹಾಗೇ ತೆಗೆದುಬಿಟ್ಟೆ ಕಣೆ. ಒಬ್ಬಳೇ ಇರೋಕಾಗ್ಲಿಲ್ಲ." "ಗೊತ್ತು ಆಂಟಿ." "ಇದು ಸರಿನಾ ವನಿತಾ? ನಿಜ ಹೇಳು." ಕೆರೆಗೆ ಸರಿ, ಇವಕ್ಕೆ ಸರಿಯಲ್ಲ ಎಂದಳು ವನಿತಾ, ಬೇರೆ ದಾರಿ ನನಗೆ ಗೊತ್ತಿಲ್ಲ ಎಂದಳು. ಸರಸ್ವತಿ ಮಡಿಲಿನ ಖಾನೆಯನ್ನು ನೋಡಿದರು. "ಇಡು ಅಂದ್ರೆ ಇಡ್ತೀನಿ. ಆದರೆ ನೀನು ಹೋಗ್ಬೇಡ" ಎಂದರು. ವನಿತಾ ಅಪ್ಪನಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದು ಹೇಳಿದಳು. ಆಮೇಲೆ ಒಂದು ಬದಿಯನ್ನು ಅವಳು, ಇನ್ನೊಂದು ಬದಿಯನ್ನು ಸರಸ್ವತಿ ಹಿಡಿದು ಖಾನೆಯನ್ನು ಒಳಗಿಟ್ಟರು. ಬಾಗಿಲು ವನಿತಾ ಹಾಕಿದಳು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತರು. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ.